ಕುಣಿಕೋಣೂರ ಗುಡ್ಡದ ಎರಡನೆಯ ಪ್ರತಿ

“ಆ ತಗಡಿಗೆ ಶಾಯಿ ಹಚ್ಚಬ್ಯಾಡವಾ ಶೀತಲ. ಹಚ್ಚಿದ್ರೂ ಹೆಸರು ಮಾತ್ರ ಬರೀಬ್ಯಾಡ.”

ಇಷ್ಟು ಹೇಳಲು ಸಾವಿತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಆಕೆ ಯಾವ ಮಾತಿಗೂ ರೊಟ್ಟಿಯ ಕೈ ನಿಲ್ಲಿಸಿದವಳಲ್ಲ. ಸೊಸೆ ಅಷ್ಟರಿಂದಲೇ ಎಚ್ಚರಗೊಳ್ಳಬೇಕಿತ್ತು. ಆದರೆ ಶೀತಲ ಸಾಂಗಲಿಯಲ್ಲಿ ಐದು ವರ್ಷ ಚಿತ್ರಕಲೆ ಕಲಿತವಳು, ಯಳವಿ ಊರಿನ ಈ ಮನೆಗೆ ಬಂದು ಏಳೇ ತಿಂಗಳಾಗಿತ್ತು. ನಕ್ಕುಬಿಟ್ಟಳು.

“ತಾಮ್ರ ತಿನ್ನೂದು ತೇಜಾಬರಿ ಅತ್ತಿ, ದೆವ್ವ ಅಲ್ಲ.”

ತೀರಿಹೋದ ಮಾವ ಸೋಮನಿಂಗಪ್ಪ ತಾಮ್ರದ ತಗಡನ್ನು ಸೂಜಿಯಿಂದ ಗೀರಿ, ತೇಜಾಬೆಂಬ ಆಮ್ಲದಲ್ಲಿ ಅದ್ದಿ, ಗೀರುಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿ ಚಿತ್ರ ತೆಗೆಯುತ್ತಿದ್ದವ. ಶೀತಲ ಈ ಸಂಬಂಧಕ್ಕೆ ಒಪ್ಪಿದ್ದು ಗಂಡ ತಾನಾಜಿಯನ್ನು ನೋಡಿ ಅರ್ಧ, ಪಡಸಾಲೆಯ ಗೋಡೆಯ ಮೇಲಿನ ಚಿತ್ರ ನೋಡಿ ಅರ್ಧ. ಕುಣಿಕೋಣೂರ ಗುಡ್ಡ, ಕುರಿಹಟ್ಟಿ, ಒಂಟಿ ಬೇವಿನ ಮರ, ಮೇಲೆ ಹತ್ತುವ ಕಾಲುದಾರಿ. ಆ ದಾರಿಯಲ್ಲಿ ನಮಗೆ ಬೆನ್ನು ಹಾಕಿ ಕೈ ಕೈ ಹಿಡಿದು ನಡೆದ ಒಬ್ಬ ಗಂಡಸು, ಒಬ್ಬಳು ಹುಡುಗಿ. ಕೆಳಗೆ ಪೆನ್ಸಿಲ್ಲಿನ ಸಹಿ. ಇದ್ದದ್ದು ಅದೊಂದೇ ಪ್ರತಿ, ಅದನ್ನೂ ಈ ವರ್ಷ ಗೆದ್ದಲು ಅರ್ಧ ತಿಂದಿತ್ತು. ಸಾಂಗಲಿಯಲ್ಲಿ ಮಾವನ ಚಿತ್ರಗಳ ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ತಗಡು ಮನೆಯಲ್ಲೇ ಇರುವಾಗ ಇನ್ನೊಂದು ಪ್ರತಿ ತೆಗೆಯಲು ಏನು ಅಡ್ಡಿ?

ಅಡ್ಡಿ ಏನೆಂದು ಸಾವಿತ್ರವ್ವ ಹೇಳಿದಳು. ಮಗಳು ಕಾಜಲ್ ಎಂಟು ವರ್ಷದವಳಿದ್ದಾಗ ಬಾವಿಗೆ ಬಿದ್ದು ಹೋದಳು. ದುಃಖ ತಡೆಯದೆ ಸೋಮನಿಂಗಪ್ಪ ಗುಡ್ಡದಾಚೆಯ ಮಾಟಗಾರನ ಹತ್ತಿರ ಹೋದ. ಅವನು ಹೇಳಿದಂತೆ ಮಗಳ ಕೂದಲು ಸುಟ್ಟ ಬೂದಿಯನ್ನು ತಗಡಿಗೆ ಮೆತ್ತಿ, ಅದರಲ್ಲಿ ಅವಳನ್ನು ಗೀರಿದ.

“ಚಿತ್ರದಾಗ ಆಕಿ ಒಬ್ಬಾಕೀನ ಇದ್ಳು. ಇವರು ಕೆಳಗ ತಮ್ಮ ಹೆಸರು ಬರದ್ರು. ಸಂಜೀಕ ಜೀವ ಹೋತು. ಆಮ್ಯಾಲೆ ನೋಡ್ತೀನಿ, ಚಿತ್ರದಾಗ ಇಬ್ಬರು! ಹೆಸರು ಬರದವರನ್ನ ಆಕಿ ಕರಕೊಂಡ ಹೊಕ್ಕಾಳವಾ.”

“ಹಂಗಿದ್ರ ತಗಡ ಯಾಕ ಇಟ್ಟೀರಿ? ಕರಗಿಸಬೇಕಿತ್ತು.”

“ಮಗಳನ್ನ ಹ್ಯಾಂಗ ಕರಗಿಸಲಿ?”

ಅದಕ್ಕೂ ಶೀತಲ ನಕ್ಕಳು. ತಾಯಿಯಿಲ್ಲದೆ ಬೆಳೆದ ಅವಳ ತಲೆಗೆ ಈ ಏಳು ತಿಂಗಳು ವಾರವಾರ ಎಣ್ಣೆ ಹಚ್ಚಿದವಳು ಇದೇ ಅತ್ತೆ. ಆ ಋಣಕ್ಕಾದರೂ ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಮಧ್ಯಾಹ್ನ ತಾನಾಜಿ ಜತ್ತಕ್ಕೆ ಹೋಗಿದ್ದ. ಸಾವಿತ್ರವ್ವ ಉಂಡು ಅಡ್ಡಾಗಿದ್ದಳು. ಹಸಿ ಶಾಯಿಗೆ ಧೂಳು ಹತ್ತಬಾರದೆಂದು ಶೀತಲ ಹಿತ್ತಲ ಕೋಣೆಯ ಕಿಟಕಿ, ಬಾಗಿಲು ಮುಚ್ಚಿದಳು. ಕತ್ತಲೆಯಲ್ಲಿ ಒಂದೇ ಬಲ್ಬು. ತಗಡನ್ನು ಕಾಜಲಳ ಹಳೆಯ ಪರಕಾರದಲ್ಲಿ, ಆ ಪುಟ್ಟ ಲಂಗದಲ್ಲಿ, ಸುತ್ತಿಡಲಾಗಿತ್ತು. ಬಿಚ್ಚಿದಾಗ ಬಾವಿಯ ಪಾಚಿಯ ವಾಸನೆ ಬಂತು. ಅವಳು ತಗಡನ್ನು ಕಾಸಿ, ಶಾಯಿ ಮೆತ್ತಿ, ಒರೆಸಿ, ಒದ್ದೆ ಕಾಗದ ಹಾಸಿದಳು. ಅದರ ಮೇಲೆ ಮಾವ ಬಳಸುತ್ತಿದ್ದ ಕುರಿಯುಣ್ಣೆಯ ಕಂಬಳಿ ಹೊದಿಸಿ ಅಚ್ಚಿನ ಯಂತ್ರದ ಚಕ್ರ ತಿರುಗಿಸಿದಳು. ಚಕ್ರ ಕಿರುಗುಟ್ಟುತ್ತ ಸುತ್ತಿ ನಿಂತಿತು.

ಕಾಗದ ಎತ್ತಿದಳು. ಗುಡ್ಡ, ಹಟ್ಟಿ, ಮರ ಒಂದು ಗೀರೂ ತಪ್ಪದೆ ಬಂದಿದ್ದವು. ದಾರಿಯಲ್ಲಿ ಹುಡುಗಿ ಒಬ್ಬಳೇ ಇದ್ದಳು.

ತೆಗೆದ ಪ್ರತಿಯ ಕೆಳಗೆ ತಕ್ಷಣ ಹೆಸರು ಬರೆಯಬೇಕೆಂದು ಗುರುಗಳು ಐದು ವರ್ಷ ಬೈದು ಬೈದು ಕಲಿಸಿದ್ದರು. ಕೈ ರೂಢಿಯ ಕೆಲಸ ಮಾಡಿತು. ಪೆನ್ಸಿಲು ಓಡಿತು: ಶೀತಲ. ಬರೆದ ಮೇಲೆ ಅತ್ತೆಯ ಮಾತು ನೆನಪಾಯಿತು. ಅಳಿಸಿದರಾಯಿತು ಎಂದು ರಬ್ಬರ್ ಹುಡುಕತೊಡಗಿದಳು.

ಬಳೆ ಸದ್ದಾಯಿತು. ಕೆಲಸಕ್ಕೆಂದು ಅವಳು ಬಳೆ ತೆಗೆದಿಟ್ಟಿದ್ದಳು.

ಬಲ್ಬು ಮಂಕಾಯಿತು. ಎಲ್ಲೋ ನೀರು ತೊಟ್ಟಿಕ್ಕಿತು. ಪಾಚಿಯ ವಾಸನೆ ಮೂಗು ಕಟ್ಟಿತು. ಚಿತ್ರದ ಹುಡುಗಿ ಈಗ ಇತ್ತ ತಿರುಗಿದ್ದಳು. ಅತ್ತು ಅತ್ತು ಬಾತ ಮುಖ. ಶೀತಲಳ ಕಿರುಬೆರಳನ್ನು ಏನೋ ಹಿಡಿಯಿತು. ಪುಟ್ಟ ಕೈ. ಒದ್ದೆ ಕೈ.

“ಇದರಾಗ ಅಪ್ಪಾ ಇಲ್ಲ. ನೀ ಬಾ.”

ಕೂಗಬೇಕೆಂದಳು. ಬಾಯಿ ತುಂಬ ನೀರು. ಕಾಲಡಿ ಕಲ್ಲುದಾರಿ. ಕೈ ಎಳೆಯುತ್ತಿತ್ತು. ಉಸಿರಿಲ್ಲ. ಉಸಿರೇ ಇಲ್ಲ.

ಬಾಗಿಲು ದಡಾರನೆ ತೆರೆಯಿತು. ಚಕ್ರದ ಸದ್ದಿಗೆ ಎದ್ದು ಬಂದ ಸಾವಿತ್ರವ್ವ ಸೊಸೆಯನ್ನು ನೋಡಿದಳು, ಕಾಗದ ನೋಡಿದಳು. ಓಡಿಬಂದು ಸೆರಗಿನಿಂದ ಪೆನ್ಸಿಲ್ಲಿನ ಹೆಸರನ್ನು ತಿಕ್ಕಿ ತಿಕ್ಕಿ ಒರೆಸಿದಳು.

“ಮತ್ತ ಆಕೀನ್ನ ಒಬ್ಬಾಕೀನ್ನ ಮಾಡಿದೆಲ್ಲವಾ…” ಅದು ಬೈಗುಳವಾಗಿರಲಿಲ್ಲ, ಅಳುವಾಗಿತ್ತು. ಆಕೆ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದಳು. “ಕಾಜಲ್, ನಿಮ್ಮವ್ವಗ ಬರಿಯಾಕ ಬರೂದಿಲ್ಲ. ರೇಶನ್ ಅಂಗಡ್ಯಾಗ ಇದನ್ನ ಒಪ್ಪತಾರ. ನೀನೂ ಒಪ್ಪಿಕೋ ಮಗಳ. ಆಕೀನ್ನ ಬಿಡು.”

ಹೆಸರಿದ್ದ ಜಾಗದಲ್ಲೇ ಹೆಬ್ಬೆಟ್ಟು ಒತ್ತಿದಳು. ಒದ್ದೆ ಕೈ ಶೀತಲಳ ಬೆರಳು ಬಿಟ್ಟಿತು. ಅವಳು ನೆಲಕ್ಕೆ ಬಿದ್ದು ನೀರು ಕಾರಿದಳು. ತಲೆ ಎತ್ತಿದಾಗ ಸಾವಿತ್ರವ್ವ ಯಂತ್ರಕ್ಕೆ ಒರಗಿ ಕುಳಿತಿದ್ದಳು. ಕಣ್ಣು ತೆರೆದಿತ್ತು, ಉಸಿರು ಇರಲಿಲ್ಲ.

ಮಣ್ಣಿಗೆ ಒಯ್ಯುವ ಮುನ್ನ ಶೀತಲಳೇ ಮೈ ತೊಳೆದಳು. ಹೆಬ್ಬೆರಳಿನ ಶಾಯಿಗೆ ಸೀಮೆಎಣ್ಣೆ ಹಾಕಿ ತಿಕ್ಕಿದಳು. ಅದು ಹೋಗಲೇ ಇಲ್ಲ. “ಇರ್ಲಿ ಬಿಡವಾ” ಎಂದು ನೆರೆಮನೆಯ ಹಾಲವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ಎದೆ ನಿಂತಿತೆಂದು ಡಾಕ್ಟರು ತಾನಾಜಿಗೆ ಹೇಳಿದರು. ಶೀತಲ ಹೌದೆಂದು ತಲೆ ಆಡಿಸಿದಳು.

ಆ ಚಿತ್ರವನ್ನು ಶೀತಲ ಪ್ರದರ್ಶನಕ್ಕೆ ಕಳಿಸಲಿಲ್ಲ. ಗಾಜು ಹಾಕಿ ಹಿತ್ತಲ ಕೋಣೆಯಲ್ಲಿ ತೂಗುಹಾಕಿದ್ದಾಳೆ. ದಾರಿಯಲ್ಲಿ ಈಗ ಬಗಲಲ್ಲಿ ಹುಡುಗಿಯನ್ನು ಎತ್ತಿಕೊಂಡ ಒಬ್ಬ ಮುದುಕಿ. ಮುದುಕಿಯ ಒಂದು ಕೈ ಹಿಂದಕ್ಕೆ ಚಾಚಿದೆ, ಅಂಗೈ ಈ ಕಡೆಗೆ, ಬರಬೇಡ ಎನ್ನುವ ಹಾಗೆ. ಹೆಬ್ಬೆಟ್ಟಿನ ಕೆಳಗೆ ಶೀತಲ ಎಂಬ ಪೆನ್ಸಿಲ್ಲಿನ ಮಸುಕು ಇನ್ನೂ ಉಳಿದಿದೆ.

ಏಳು ತಿಂಗಳು ಬಾಯಿ ತುಂಬ ಅತ್ತಿ ಎಂದೇ ಕರೆದಿದ್ದ ಶೀತಲ ಒಂದು ಮಧ್ಯಾಹ್ನ ಬಾಗಿಲು ಮುಚ್ಚಿ, ಗಾಜಿಗೆ ಹಣೆ ಹಚ್ಚಿ, “ಅವ್ವಾ” ಎಂದಳು.

ಕಾಜಲ್ ತಿರುಗಿ ನೋಡಿದಳು. ಸಾವಿತ್ರವ್ವ ತಿರುಗಲಿಲ್ಲ.