ಮಾಸ್ತರರ ಹಿತ್ತಲಿನ ನುಗ್ಗೆ ಸೊಪ್ಪು

ಹೆಣ್ಣುಮಕ್ಕಳ ರಟ್ಟೆ ಹಿಡಿದು ಜೀಪು ಹತ್ತಿಸುವ ಪ್ರಸಂಗ ತನಗೆ ಬರದಿರಲಿ ಎಂದು ಕಾನ್‌ಸ್ಟೇಬಲ್ ಕಮಲಾಬಾಯಿ ದಿನವೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬಿ.ಎ. ಮುಗಿಸಿ ಖಾಕಿ ತೊಟ್ಟವಳು ಇಷ್ಟಕ್ಕೇ ಅಂಜುತ್ತಾಳೆಂದು ಯಾರ ಮುಂದೆ ಹೇಳುವುದು?

೧೯೮೪ರ ಆಗಸ್ಟ್ ೬, ಸೋಮವಾರ. ನಿವೃತ್ತ ಶಿಕ್ಷಕ ಮಾರ್ತಾಂಡ ಮಾಸ್ತರರು ಬೆಟಗೇರಿ ಠಾಣೆಗೆ ಮೂರನೆಯ ಸಲ ಬಂದರು. ಹಿತ್ತಲ ಗೋಡೆ ಕೆಡವಿ ಯಾರೋ ನುಗ್ಗೆಗಿಡ ಬೋಳಿಸುತ್ತಿದ್ದಾರೆಂಬ ಅದೇ ದೂರು.

"ಮಾಸ್ತರ್ರ, ಸೊಪ್ಪಿಗೂ ಎಫ್‌ಐಆರ್ ಬೇಕೇನ್ರಿ?" ಇನ್ಸ್‌ಪೆಕ್ಟರ್ ಗವಿಸಿದ್ದಪ್ಪ ಹಣೆ ಚಚ್ಚಿಕೊಂಡರು.

"ಗೋಡಿ ಬಿದ್ದದ. ನೀವು ಬರಕೊಳ್ಳಲಿಲ್ಲಂದ್ರ ಧಾರವಾಡಕ್ಕ ಹೋಗಿ ಎಸ್ಪಿ ಸಾಹೇಬ್ರಿಗೆ ಹೇಳತೀನಿ."

ಎಫ್‌ಐಆರ್ ಆಯಿತು. ಪಂಚರ ಎದುರು ಮುರಿದ ಕೊಂಬೆ, ಕುಸಿದ ಕಲ್ಲು ತೋರಿಸಿ ಪಂಚನಾಮೆಯೂ ಆಯಿತು. ಕಳ್ಳರು ಕಾಯಿ ಮುಟ್ಟಿರಲಿಲ್ಲ, ಸೊಪ್ಪನ್ನಷ್ಟೇ ಒಯ್ದಿದ್ದರು.

"ಮಾರಾವ್ರಾದ್ರ ಕಾಯಿ ಬಿಡ್ತಿದ್ರೇನು? ಇದು ಮನಿಗಂತ ಒಯ್ಯೂದು" ಎಂದು ಗೊಣಗಿದ ಇನ್ಸ್‌ಪೆಕ್ಟರ್, ಮರುದಿನ ನಸುಕಿನಲ್ಲಿ ಕಮಲಾಬಾಯಿಯೊಂದಿಗೆ ಹಿತ್ತಲಲ್ಲಿ ಕಾದರು.

ಗೋಡೆ ದಾಟಿ ಬಂದವಳು ಪಕ್ಕದ ಓಣಿಯ ಮುದುಕಿ ಉಡಚವ್ವ. ಉಡಿ ತುಂಬ ಸೊಪ್ಪು.

"ಹಿಡೀರಿ ಬಾಯಾರ, ನೋಡಕೋತ ನಿಂತ್ರೇನು!"

ಕಮಲಾಬಾಯಿ ರಟ್ಟೆ ಹಿಡಿದಳು.

ಠಾಣೆಯಲ್ಲಿ ಉಡಚವ್ವ ತುಟಿ ಬಿಚ್ಚಲಿಲ್ಲ. "ಈ ಸೊಪ್ಪು ನನ್ನ ಜೀವಾ ತಿಂತು. ನೀವ ಕೇಳ್ರಿ" ಎಂದು ಇನ್ಸ್‌ಪೆಕ್ಟರ್ ಹೊರಗೆ ನಡೆದರು.

ಆಗ ಮುದುಕಿ ಪಿಸುಗುಟ್ಟಿದಳು. "ನನ್ನ ಮಗ ಅಂದಪ್ಪ ಪ್ರೆಸ್‌ನ್ಯಾಗ ಸೀಸದ ಅಕ್ಷರ ಜೋಡಸ್ತಾನವ್ವ. ಸೀಸ ಮೈಯಾಗ ಹೊಕ್ಕು ಬೀಜದ ಶಕ್ತಿ ಕುಂದೈತಂತ ಡಾಕ್ಟರು ತಪಾಸ ಮಾಡಿ ನಮ್ಮಿಬ್ಬರಿಗೂ ಹೇಳ್ಯಾರ. ನುಗ್ಗಿ ಸೊಪ್ಪಿನ ಸತ್ವ ಆ ವಿಷಾ ತಡೀತೈತೇನಂತ ಇಲಿಗೆ ತಿನಿಸಿ ನೋಡ್ಯಾರಂತ. ಮನಷ್ಯಾರಿಗೆ ಖಾತ್ರಿ ಇಲ್ಲ, ಮೊದಲ ಆ ಕೆಲಸಾ ಬಿಡಸು ಅಂದ್ರು."

"ಬಿಡಿಸಿದ್ರೇನು?"

"ಬಿಟ್ರ ಒಲಿ ಹೆಂಗ ಉರೀಬೇಕು?"

"ಸೊಪ್ಪು ಕೊಂಡು ಒಯ್ಯಬಹುದಿತ್ತಲ್ಲ?"

"ದಿನಾ ನುಗ್ಗಿ ಸೊಪ್ಪು ಕೊಂಡ್ರ ಓಣಿ ಮಂದಿ ಮಗನ್ನ ನೋಡಿ ನಗೂದಿಲ್ಲೇನು?"

"ಮತ್ತ ಸೊಸಿ?"

"ಅಕಿ ಬಂಜಿ ಅಂತ ಊರಿಗೆಲ್ಲ ಹೇಳೀನಿ. ಶುಕ್ರವಾರ ಮುಂಡರಗಿಗೆ ಬ್ಯಾರೆ ಹೆಣ್ಣು ನೋಡಾಕ ಹೊಂಟೀವಿ. ಇದನ್ನ ಬರೀಬ್ಯಾಡ ಯವ್ವಾ."

ಬಂಧನ ದಾಖಲಾಯಿತು. ಖಬರ ತಿಳಿದು ಅಂದಪ್ಪ ಓಡಿಬಂದ. ಹಿಂದೆ ಅವನ ಹೆಂಡತಿ ಮಂಜವ್ವ, ಅತ್ತೆಗೆಂದು ರೊಟ್ಟಿ ಗಂಟು ಹಿಡಿದುಕೊಂಡು.

"ಯಾಕ ಕದ್ದಳಂತ ಕೋರ್ಟಿಗೆ ಏನ ಬರೀಲಿ ನಾನು?" ಇನ್ಸ್‌ಪೆಕ್ಟರ್ ಮೇಜು ಗುದ್ದಿದರು.

"ಈ ಬಂಜಿ ಕಾಲ್ಗುಣಾ ಸಾಹೇಬ್ರ!" ಅಂದಪ್ಪ ಶಾಯಿ ಹತ್ತಿದ ಬೆರಳನ್ನು ಹೆಂಡತಿಯತ್ತ ಚಾಚಿದ. "ಇಕಿ ಹೊಸ್ತಲಾ ತುಳದ ಮ್ಯಾಲ ನಮ್ಮ ಮನಿ ಹಿಂಗಾತು."

ಮಂಜವ್ವ ತಲೆ ತಗ್ಗಿಸಿದಳು. ಉಡಚವ್ವ ಕಣ್ಣಿನಲ್ಲೇ ಕಮಲಾಬಾಯಿಗೆ ಕೈಮುಗಿದಳು. ಮಗನ ಮಾನ ಮುಚ್ಚಲು ಸೊಪ್ಪು ಕದ್ದವಳು ಸೊಸೆಯ ಬಾಳನ್ನೂ ಕದ್ದಿದ್ದಳು. ಅದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇರಲಿಲ್ಲ.

ಕಮಲಾಬಾಯಿ ಸೊಸೆಯತ್ತ ತಿರುಗಿದಳು.

"ಮಂಜವ್ವಾ, ದೋಷ ನಿನ್ನಲ್ಲಿಲ್ಲ. ನಿನ್ನ ಗಂಡಗೂ ಅತ್ತಿಗೂ ಅದು ಗೊತ್ತದ."