ಉಸಿರು ಕಾಣದ ರಾಗ

"ಇನ್ನೂ ಊದಬಲ್ಲೆ, ನಿಲ್ಲಿಸಿದ್ದು ನೀವೇ," ಅಂದ ಆ ಮನುಷ್ಯ ಇಂಗ್ಲಿಷಿನಲ್ಲಿ, ಮೂಗಿನ ಕ್ಲಿಪ್ಪು ತೆಗೆಯದೆ.

ಪ್ರಭಾವತಿ ಸ್ಕ್ರೀನ್ ನೋಡಿದಳು. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಉಸಿರಿನ ಟೆಸ್ಟ್ ಮಾಡುವ ಕೆಲಸ ಅವಳದು. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಂದೇ ಏಟಿಗೆ ಹೊರಹಾಕಿ ಅಂದರೆ ಎಲ್ಲರೂ ಹಾಕುತ್ತಾರೆ. ಈತ ಮಾತ್ರ ಪ್ರತಿ ಸಲವೂ ಹದವಾಗಿ, ನೂಲು ತೆಗೆದ ಹಾಗೆ ಊದಿದ್ದ. ಗೆರೆ ಮೇಲೇಳದೆ ಉದ್ದಕ್ಕೆ ಮಲಗಿತ್ತು.

"ಇವನೇನು ಚಹಾ ಆರಿಸ್ತಾನೋ ಏನೋ," ಎಂದು ಕನ್ನಡದಲ್ಲಿ ಗೊಣಗಿದಳು.

ಆತ ಕ್ಲಿಪ್ಪು ತೆಗೆದ. ಕಣ್ಣಂಚಿನಲ್ಲಿ ನಗೆ, ಬಾಯಲ್ಲಿ ಕನ್ನಡ. "ಚಹಾ ಅಲ್ಲ ಮೇಡಂ, ಬ್ಯಾಗ್‌ಪೈಪು. ಜೋರಾಗಿ ಊದಿದ್ರೆ ಶ್ರುತಿ ಕೆಡುತ್ತೆ. ಅಭ್ಯಾಸಬಲ."

ಅವಳ ಕಿವಿ ಬಿಸಿಯಾಯಿತು. ಮಾತು ತಿರುಗಿಸಲಿಕ್ಕೆ, "ಹಂಗಾದ್ರೆ ಒಲೆ ಮುಂದೆ ಕೂತೀರಿ ಅಂದ್ಕೊಳ್ರಿ. ಹಸಿ ಕಟ್ಟಿಗೆ. ಕೈಯಾಗ ಊದುಗೊಳವಿ," ಅಂದಳು. ಹದಿನಾರು ವರ್ಷದಿಂದ ಮನೆಯೊಳಗೇ ಇಟ್ಟುಕೊಂಡಿದ್ದ ಧಾರವಾಡದ ಕನ್ನಡ ತಾನಾಗಿ ಹೊರಬಿದ್ದಿತ್ತು.

ಆತ ಊದಿದ. ಗೆರೆ ಸರಿಯಾಗಿ ಬಂತು. ಉಸಿರಿನ ಅಂಕಿ ಸರಿಯಾಗಿರಲಿಲ್ಲ.

ಹೆಸರು ಮುರುಗೇಶ. ಬೆಂಗಳೂರಿನ ಮಿಲಿಟರಿ ಬ್ಯಾಂಡಿನಲ್ಲಿ ಪೈಪು ಕಲಿತು, ಸ್ಪರ್ಧೆಗಳ ಬೆನ್ನು ಹತ್ತಿ ಈ ದೇಶಕ್ಕೆ ಬಂದು, ಗೆದ್ದು, ಸೋತು, ಕೊನೆಗೆ ಲೀಡ್ಸಿನ ಹೆಡಿಂಗ್ಲೀಯಲ್ಲಿ ಪಾಠ ಹೇಳುತ್ತ ನಿಂತವನು. ಊದಿ ತುಂಬಿಸುವ ಪೈಪಿನ ತೇವದ ಚೀಲದೊಳಗೆ ಬೆಳೆದ ಬೂಷ್ಟು ಅವನ ಶ್ವಾಸಕೋಶಕ್ಕೆ ಇಳಿದಿತ್ತು. ಡಾಕ್ಟರು ಹೇಳಿದ ದಿನವೇ ಊದುವುದು ಬಿಟ್ಟ. ಆದರೆ ಒಳಗಿನ ಗಾಯ ಬೆಳೆಯುವುದನ್ನು ಬಿಡಲಿಲ್ಲ.

ಮುಂದಿನ ಟೆಸ್ಟಿಗೆ ಅವನು ಬಂದಾಗ ಪ್ರಭಾವತಿ ಅವನನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟಳು.

"ಯಾಕ್ರೀ? ನಾನೇನು ತಪ್ಪು ಮಾಡಿದೆ?" ಕಾರಿಡಾರಿನಲ್ಲಿ ಕೇಳಿದ.

"ನನ್ನ ಪೇಶಂಟ್ ಜತೆ ನಾನು ಕಾಫಿ ಕುಡಿಯೋಹಾಗಿಲ್ಲ. ರೂಲು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಲವತ್ತಾರರ ಗಂಡಸು ಹುಡುಗನ ಹಾಗೆ ನೆಲ ನೋಡಿದ.

ಚಳಿಗಾಲ ಬರುವ ಹೊತ್ತಿಗೆ ಭಾನುವಾರಗಳೆಲ್ಲ ಹೆಡಿಂಗ್ಲೀಯ ಅವನ ಮನೆಯವೇ ಆದವು. ಅವಳು ರೈಲು ಹಿಡಿದು, ಬಸ್ಸು ಹಿಡಿದು, ಸಾರು ಹಿಡಿದುಕೊಂಡು ಹೋಗುವಳು. ಮನೆಯ ಮೂಲೆಯಲ್ಲಿ ಆಕ್ಸಿಜನ್ ಮಷೀನು ಗುಂಯ್‌ಗುಡುತ್ತಿತ್ತು.

"ಮಷೀನಿಗೆ ಶ್ರುತಿಜ್ಞಾನ ಇಲ್ಲ. ಸ್ವರ ಸ್ವಲ್ಪ ಇಳಿದಿದೆ," ಎನ್ನುವನು.

"ಕಂಪ್ಲೇಂಟ್ ಕೊಡು."

"ಕೊಟ್ರೆ ತಗೊಂಡು ಹೋಗ್ತಾರೆ."

ಇಬ್ಬರೂ ನಗುವರು. ಅವನ ನಗು ಕೆಮ್ಮಾಗುವುದು. ಕೆಮ್ಮು ನಿಲ್ಲುವವರೆಗೆ ಅವಳು ಬೆನ್ನ ಮೇಲೆ ಕೈಯಿಟ್ಟು ಕೂರುವಳು.

ಆ ತಿಂಗಳುಗಳಲ್ಲೇ ಅವನೊಂದು ರಾಗ ಕಟ್ಟಿದ. ಅದನ್ನು ನುಡಿಸಬೇಕಾದವಳು ಅವನ ಶಿಷ್ಯೆ ಸಿಂಚನಾ. ಅವಳು ನ್ಯೂಜಿಲೆಂಡಿನ ಸ್ಪರ್ಧೆ ಮುಗಿಸಿ ಏಪ್ರಿಲ್‌ಗೆ ಬರುವವಳಿದ್ದಳು.

"ನಾನು ಏಪ್ರಿಲ್ ನಂಬಿಕೊಂಡಿಲ್ಲ," ಅಂದ. "ನೀನು ಕಲಿ. ಅವಳಿಗೆ ದಾಟಿಸು."

"ನನಗೆ ಪೈಪು ಹಿಡಿಯಾಕೂ ಬರಂಗಿಲ್ಲ! ಫೋನಿನಾಗ ರೆಕಾರ್ಡ್ ಮಾಡು."

"ಬೇಡ. ಈ ಏದುಸಿರೂ ರೆಕಾರ್ಡ್ ಆಗುತ್ತೆ. ಅದನ್ನ ಯಾರೂ ಕೇಳಬಾರದು. ಬರೆದಿಟ್ರೂ ಸಾಲದು, ಬಾಯಿಂದ ಕಿವಿಗೆ ಹೇಳ್ಕೊಡೋ ಪದ್ಧತಿ ಇದೆ ನಮ್ಮ ಪೈಪಿನವರಲ್ಲಿ. ಒಂದೊಂದು ಸ್ವರಕ್ಕೆ ಒಂದೊಂದು ಸೊಲ್ಲು. ಹೇಳು, ಹಿಹರಿನ್, ಹೋದಿನ್..."

"ಹೋದ ದಿನ?"

"ಹೋದಿನ್."

"ಹೋದ ದಿನ ಅಂತನೇ ಕೇಳಸ್ತದ ನನಗ."

ಅವನು ಅವಳನ್ನೇ ನೋಡಿದ. ಬೈತಲೆಯ ನರೆಗೂದಲು, ಸೊಲ್ಲು ನೆನಪಿಟ್ಟುಕೊಳ್ಳಲು ಮುಚ್ಚಿದ ರೆಪ್ಪೆ, ಕಚ್ಚಿದ ಕೆಳತುಟಿ. "ಸರಿ, ಹಾಗೇ ಅನ್ನು," ಅಂದ.

ಅವನು ಒಂದು ಸಾಲು ಹೇಳುವನು, ಇವಳು ಹೇಳುವಳು. ಬೀಜ ಊರಿದ ಹಾಗೆ ನಿಧಾನ. ಫೆಬ್ರವರಿಯ ಒಂದು ಮಧ್ಯಾಹ್ನ ರಾಗ ಪೂರ್ತಿ ಬಂತು. ಕಿಟಕಿ ಕಡೆ ಮುಖ ಮಾಡಿ ಮೊದಲಿಂದ ಕೊನೆಯವರೆಗೆ ಹಾಡಿದಳು.

ತಿರುಗಿದಾಗ ಹಾಸಿಗೆಯಲ್ಲಿ ಒರಗಿದ್ದ ಅವನ ಮುಖ ಬಿಳಿಚಿತ್ತು.

"ಎರಡನೇ ಸಾಲಲ್ಲಿ ಯಾಕೆ ನಿಂತೆ?"

"ಅಲ್ಲಿ ನಿಲ್ಲಬೇಕಲ್ಲ. ನೀನು ನಿಂತಿದ್ದಿ."

"ಆಮೇಲೆ ಆ ಸ್ವರ ಎರಡು ತುಂಡು..."

"ನೀನು ಹಂಗೇ ಹೇಳಿಕೊಟ್ಟಿ. ಪ್ರತಿ ಸಲ."

ಮುರುಗೇಶ ಕೈಯಿಂದ ಕಣ್ಣು ಮುಚ್ಚಿಕೊಂಡ. "ಅದು ರಾಗ ಅಲ್ಲ ಪ್ರಭಾ. ಉಸಿರು ಸಾಲದೆ ನಿಂತಿದ್ದು. ಪೈಪು ಯಾವತ್ತೂ ನಿಲ್ಲಲ್ಲ. ಊದೋನು ಉಸಿರು ಎಳ್ಕೊಂಡ್ರೂ ಚೀಲ ಹಾಡ್ತಾನೇ ಇರುತ್ತೆ. ಅದಕ್ಕೇ ಅಲ್ವಾ ಅದನ್ನ ಹಿಡಿದಿದ್ದು ನಾನು?"

ಅವಳು ಅಲ್ಲೇ ನೆಲದ ಮೇಲೆ ಕೂತಳು. ಅವನ ಎದೆಯ ಅಂಕಿ ಇಳಿಯುವುದನ್ನು ಗೊತ್ತಿಲ್ಲದೆಯೇ ಬಾಯಿಪಾಠ ಮಾಡಿದ್ದಳು.

"ನಿಂತಿದ್ದನ್ನೆಲ್ಲ ತೆಗೀಬೇಕಾ?" ಕೇಳಿದಳು.

"ತೆಗಿ."

"ತೆಗೆದ್ರ ಇದರಾಗ ನೀನು ಎಲ್ಲಿರ್ತಿ?"

"ಇರಬಾರದು. ರಾಗ ಇದ್ರೆ ಸಾಕು." ಹೊದಿಕೆ ಎಳೆದುಕೊಂಡು, "ನನ್ನ ಹೆಸರಲ್ಲಿ ಒಂದಾದರೂ ಮುಕ್ಕಾಗದೆ ಉಳೀಲಿ," ಅಂದ.

ಇಲ್ಲ ಎನ್ನಬೇಕೆಂದಿದ್ದಳು. ಆದರೆ ಅವನು ಕೇಳುತ್ತಿದ್ದುದು ಇದೊಂದೇ. ಮತ್ತೆ ಎದ್ದು ನಿಂತಳು. ಈ ಸಲ ಎಲ್ಲೂ ನಿಲ್ಲಲಿಲ್ಲ. ಕಾಲುವೆಯ ನೀರಿನ ಹಾಗೆ ಹರಿಯಿತು ರಾಗ, ಚೆಂದವಾಗಿ, ಯಾರದೂ ಅಲ್ಲದ ಹಾಗೆ. ಉಸಿರು ಎಳೆಯಬೇಕಾದಲ್ಲಿ ಅವನಿಗೆ ಕಾಣದಂತೆ ಕದ್ದು ಎಳೆದಳು.

ಅವನು ಕಣ್ಣು ಮುಚ್ಚಿ ಕೇಳಿದ. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಸ್ವರ ಮುಟ್ಟುತ್ತಿದ್ದವು.

"ಸರಿಯಾಯ್ತು," ಅಂದ. "ಸಿಂಚನಾಗೆ ಹೀಗೇ ಕಲಿಸು."

"ಹೀಗೇ ಕಲಿಸ್ತೀನಿ. ಮತ್ತೆ ನನಗ?"

ಅವಳು ಅಳುತ್ತಿದ್ದಳು. ಅವನು ಕೈ ಚಾಚಿದ. ಅವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಿನಗೆ ಹೇಗೆ ಬೇಕೋ ಹಾಗೆ," ಅಂದ ಮುರುಗೇಶ.

ಪ್ರಭಾವತಿ ಮೊದಲಿನಿಂದ ಶುರುಮಾಡಿದಳು. ಎರಡನೇ ಸಾಲಿಗೆ ಬಂದು, ಅವನು ನಿಂತಿದ್ದಲ್ಲೇ ನಿಂತಳು. ಅವನು ತಿದ್ದಲಿಲ್ಲ.