ಕುಣಿಯುತ್ತೇನೆ ಅಂದಿದ್ದ ಲಂಪೂ

ಹಳದಿ ಟೋಪಿ ಗಾಳಿಗೆ ಹಾರಿ ನದಿಗೆ ಬಿದ್ದಾಗ ಲಂಪೂ ಕೂಗಲಿಲ್ಲ. ಹೀಗೇನಾದರೂ ಆಗುತ್ತದೆ ಅಂತ ಅವಳಿಗೆ ಬೆಳಗ್ಗೆಯೇ ಗೊತ್ತಿತ್ತು.

ಟೋಪಿಯ ಮೇಲೆ ‘ಪುಟಾಣಿ ಗೈಡ್’ ಅಂತ ಬರೆದಿತ್ತು. ಅದು ನೀರಲ್ಲಿ ತೇಲುವ ಅಂತರಗಂಗೆ ಗಿಡಗಳ ಗುಂಪಿನ ಜೊತೆ ಸೇರಿಕೊಂಡು, ತನಗೂ ಊರು ನೋಡಬೇಕು ಅನ್ನುವ ಹಾಗೆ ನಿಧಾನವಾಗಿ ತೇಲಿಹೋಯಿತು.

“ಲುವಾಂಗ್ ಪೋಗೆ ಸಿಟ್ಟು ಬಂದಿದೆ. ನಾನು ಹೇಳಿರ್ಲಿಲ್ವಾ?” ದೋಣಿಯಲ್ಲಿ ಅವಳ ಪಕ್ಕ ಕೂತಿದ್ದ ಗಾಲ್ಫ್ ಪಿಸುಗುಟ್ಟಿದ. ಅವನೂ ಪುಟಾಣಿ ಗೈಡೇ. ಅವನ ಟೋಪಿ ಮಾತ್ರ ತಲೆಯ ಮೇಲೆ ಗಟ್ಟಿಯಾಗಿ ಕೂತಿತ್ತು.

ಲಂಪೂ ಬೆರಳು ಮಡಚಿ ಲೆಕ್ಕ ಹಾಕಿದಳು. ಬೆಳಗ್ಗೆ ಮರದ ಅಂಗಡಿಗಳ ಬೀದಿಯಲ್ಲಿ ಅವಳಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಆಲದ ಬೇರುಗಳು ತಬ್ಬಿಕೊಂಡಿರುವ ಹಳೇ ಗುಡಿಯ ಹತ್ತಿರ ಕೆಂಜಿಗ ಕಚ್ಚಿತ್ತು. ಆಮೇಲೆ ದೋಣಿಯ ಮೋಟಾರು ಎರಡು ಸಲ ಕೆಮ್ಮಿ ನಿಂತಿತ್ತು. ಈಗ ಟೋಪಿ.

ಎಲ್ಲಕ್ಕೂ ಕಾರಣ ಒಂದೇ. ಅವಳು ಹೊತ್ತ ಹರಕೆ ತೀರಿಸಿರಲಿಲ್ಲ.

ಅವರ ಶಾಲೆಯಲ್ಲಿ ಪ್ರತಿವರ್ಷ ಐದನೇ ಕ್ಲಾಸಿನ ಇಬ್ಬರನ್ನು ಗೈಡ್ ಮಾಡುತ್ತಾರೆ. ಶನಿವಾರ ಬರುವ ಪ್ರವಾಸಿಗರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಊರು ತೋರಿಸುವುದು ಅವರ ಕೆಲಸ. ಆಯ್ಕೆಯ ಹಿಂದಿನ ಸಂಜೆ ಅರ್ಧ ಕ್ಲಾಸು ನದಿದಡದ ಬೌದ್ಧ ವಿಹಾರಕ್ಕೆ ಓಡಿತ್ತು. ಅಲ್ಲಿರುವ ದೊಡ್ಡ ಬುದ್ಧನನ್ನು ಊರಿನವರೆಲ್ಲ ಮನೆಯ ಹಿರಿಯರನ್ನು ಕರೆದ ಹಾಗೆ ಲುವಾಂಗ್ ಪೋ ಅಂತಲೇ ಕರೆಯುತ್ತಾರೆ. ಕೇಳಿದ್ದನ್ನು ಕೊಡುತ್ತಾನೆ, ಕೊಡುತ್ತೇನೆ ಅಂತ ಹೇಳಿದ್ದನ್ನು ತೆಗೆದುಕೊಳ್ಳುತ್ತಾನೆ ಅಂತ ಅವನಿಗೆ ಹೆಸರು.

ಆಯ್ಕೆಯಾದರೆ ಹೂಮಾಲೆ ಕೊಡುತ್ತೇನೆ ಅಂದಳು ಒಬ್ಬಳು. ಒಬ್ಬ ಬೇಯಿಸಿದ ಮೊಟ್ಟೆ ಅಂದ. ಗಾಲ್ಫ್ ಕೆಂಪು ಸೋಡಾ ಅಂದ. ಇಷ್ಟು ಜನ ಇಷ್ಟೆಲ್ಲ ಕೊಡುವಾಗ ತನ್ನ ಮಾತು ಯಾರಿಗೆ ಕೇಳಿಸುತ್ತದೆ ಅಂತ ಲಂಪೂಗೆ ಗಾಬರಿಯಾಯಿತು. ಕಣ್ಣು ಮುಚ್ಚಿ, ಯೋಚನೆಯನ್ನೇ ಮಾಡದೆ, ‘ನನ್ನನ್ನು ಗೈಡ್ ಮಾಡಿದರೆ ನಾನೇ ನಿನ್ನ ಮುಂದೆ ಕುಣಿಯುತ್ತೇನೆ’ ಅಂದುಬಿಟ್ಟಳು.

ಲಂಪೂ ಕುಣಿಯುವವಳಲ್ಲ. ಶಾಲೆಯ ನೃತ್ಯದಲ್ಲಿ ಕೊನೇ ಸಾಲಿನ ಕೊನೇ ಮೂಲೆಯಲ್ಲಿ ನಿಂತು, ಎತ್ತರದವರ ಬೆನ್ನ ಹಿಂದೆ ಅಡಗುವವಳು. ಇನ್ನೊಬ್ಬರಿಗೆ ಊರು ತೋರಿಸುವಾಗ ಎಲ್ಲರೂ ಊರನ್ನು ನೋಡುತ್ತಾರೆ. ಕುಣಿಯುವಾಗ ಕುಣಿಯುವವರನ್ನೇ ನೋಡುತ್ತಾರೆ.

ಅವಳು ಆಯ್ಕೆಯಾದಳು. ಗಾಲ್ಫ್ ಕೂಡ. ಅವನು ಮರುದಿನವೇ ಸೋಡಾ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟು ಬಂದ. ಲಂಪೂ ಹೋದಾಗಲೆಲ್ಲ ಅಲ್ಲಿ ಜನ ಇದ್ದರು. ಹಾಗೇ ತಿರುಗಿ ಬಂದಳು. ಬೇರೆ ಏನಾದರೂ ಕೊಡಬಹುದಾ ಅಂತ ಅಜ್ಜಿಯನ್ನು ಸುತ್ತಿ ಬಳಸಿ ಕೇಳಿದ್ದಳು. ಕುಣೀತೀನಿ ಅಂತ ಹೇಳಿ ಬಾಳೆಹಣ್ಣು ಕೊಟ್ಟರೆ ಲುವಾಂಗ್ ಪೋ ಮುಟ್ಟುವುದಿಲ್ಲ ಅಂದಿದ್ದಳು ಅಜ್ಜಿ.

ಇವತ್ತಿನ ಪ್ರವಾಸದ ಕೊನೇ ಜಾಗ ಅದೇ ವಿಹಾರ. ಅದನ್ನು ನೆನೆದರೆ ಲಂಪೂಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇವತ್ತಿನ ಪ್ರವಾಸಿಗರು ದೂರದ ಕೋರಾಟ್ ಊರಿನ ಕಡೆಯಿಂದ ಬಂದ ರಿಟೈರ್ಡ್ ನರ್ಸುಗಳು. ಎಲ್ಲರೂ ಹೂವಿನ ಬ್ಲೌಸು, ದೊಡ್ಡ ನಗು. ಅವರಲ್ಲಿ ಬುನ್‌ಮೀ ದೊಡ್ಡಮ್ಮ ಮಾತ್ರ ತೊಡೆಯ ಮೇಲೆ ಒಂದು ಬಿದಿರಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿ ತುಂಬ ಬೇಯಿಸಿದ ಮೊಟ್ಟೆ. ಬಸ್ಸಿನಲ್ಲಿ ರಾತ್ರಿಯೆಲ್ಲ ಅದರ ವಾಸನೆ ಕುಡಿದಿದ್ದೇವೆ ಅಂತ ಉಳಿದವರು ರೇಗಿಸುತ್ತಿದ್ದರು.

ದೋಣಿ ತೆಂಗಿನ ಬೆಲ್ಲದ ಒಲೆಗಳಿದ್ದ ತೋಟದ ಕಟ್ಟೆಗೆ ಬಂದು ನಿಂತಿತು. ದೋಣಿ ನಡೆಸುವ ಮಾವ ಮುಖದ ಮೇಲೆ ಪಂಚೆ ಎಳೆದುಕೊಂಡು ಮಲಗಿದ. ಎಲ್ಲರೂ ಇಳಿದು ಬಿಸಿ ಬೆಲ್ಲ ನೆಕ್ಕಿದರು. ಕುದಿಯುವ ಕಡಾಯಿಯ ಬಗ್ಗೆ ಲಂಪೂ ಹೇಳಬೇಕಿದ್ದದ್ದನ್ನೆಲ್ಲ ಗಾಲ್ಫೇ ಹೇಳಿದ.

“ಇನ್ನು ಲುವಾಂಗ್ ಪೋ ಹತ್ರ ತಾನೇ ಮಗಳೇ?” ಬುನ್‌ಮೀ ದೊಡ್ಡಮ್ಮ ಕೇಳಿದರು.

ಲಂಪೂವಿನ ಬಾಯಿಂದ ಮಾತು ತಾನಾಗಿಯೇ ಜಾರಿತು. “ಇವತ್ತು ಆಗಲ್ಲ ದೊಡ್ಡಮ್ಮ. ನದಿ ಉಕ್ಕಿ ವಿಹಾರದ ಅಂಗಳಕ್ಕೆ ನೀರು ಬಂದಿದೆ. ಬಾಗಿಲು ಹಾಕಿದ್ದಾರೆ.”

ಗಾಲ್ಫ್ ಬಾಯಿ ತೆರೆದ. ಲಂಪೂ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

ಹೋಗಲಿ ಬಿಡಿ, ಹಾಗಾದರೆ ಬೇಗ ಊಟಕ್ಕೆ ಹೋಗೋಣ ಅಂದರು ಒಬ್ಬರು. ಇನ್ನೊಬ್ಬರು ದೋಣಿಯಿಂದಲೇ ಆ ಕಡೆ ತಿರುಗಿ ಕೈ ಮುಗಿದು ಮೊಟ್ಟೆ ತೋರಿಸಿದರಾಯಿತು ಅಂತ ಸಲಹೆ ಕೊಟ್ಟರು.

“ಸುಮ್ನಿರೇ. ಕೇಳುವಾಗ ಮಂಡಿಯೂರಿ ಕೇಳಿದೀನಿ, ಕೊಡುವಾಗ ದೂರದಿಂದ ತೋರ್ಸೋದಾ?” ಅಂದರು ದೊಡ್ಡಮ್ಮ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ತೆಂಗಿನ ನೆರಳಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟರು.

ಲಂಪೂ ಅತ್ತ ಹೋದಳು, ಇತ್ತ ಬಂದಳು. ಬೆಲ್ಲದ ಅಂಗಡಿಯ ಡಬ್ಬಿಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದಳು. ಕೊನೆಗೆ ಬೆಂಚಿನ ತುದಿಯಲ್ಲಿ ಕೂತು, ಇಷ್ಟೊಂದು ಮೊಟ್ಟೆ ಯಾತಕ್ಕೆ ಅಂತ ಕೇಳಿದಳು.

ದೊಡ್ಡಮ್ಮನ ಮೊಮ್ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದನಂತೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಅಂಥ ಪೆಟ್ಟಿಗೆಗಳ ಪಕ್ಕದಲ್ಲೇ ಕೆಲಸ ಮಾಡಿ ಮುದುಕಿಯಾದವಳು ನಾನು, ಆದರೂ ಅವತ್ತು ಕೈಕಾಲು ಆಡಲಿಲ್ಲ ಅಂದರು. ಇಲ್ಲಿಗೆ ಬಂದು ಕೇಳಿಕೊಂಡರು. ಈಗ ಹುಡುಗ ಓಡಾಡುತ್ತಾನೆ, ಬೆಕ್ಕಿನ ಬಾಲ ಎಳೆಯುತ್ತಾನೆ. ಕಳೆದ ವರ್ಷವೇ ಬರಬೇಕಿತ್ತು, ಮಂಡಿ ಆಪರೇಶನ್ ಆಯಿತು, ತಡವಾಯಿತು.

“ತಡ ಆಗಿದ್ದಕ್ಕೆ ಏನಾದ್ರೂ ಕೆಟ್ಟದ್ದಾಯ್ತಾ?” ಲಂಪೂ ತುಂಬ ಮೆತ್ತಗೆ ಕೇಳಿದಳು.

“ಆಗದೇ ಇರುತ್ತಾ? ಮಿಕ್ಸಿ ಕೆಡ್ತು. ಅಳಿಯನ ಸ್ಕೂಟರ್ ಪಂಕ್ಚರ್ ಆಯ್ತು. ನನ್ನ ಕನ್ನಡಕದ ಮೇಲೆ ನಾನೇ ಕೂತೆ. ಏನಾದ್ರೂ ಅಯ್ಯೋ ಮೊಟ್ಟೆ, ಅಯ್ಯೋ ಮೊಟ್ಟೆ ಅಂತಿದ್ದೆ. ಮಗಳು ನಗ್ತಾಳೆ. ಅವಳಿಗೇನು ಗೊತ್ತು, ರಾತ್ರಿ ನಿದ್ದೆ ಬರದೆ ಹೊರಳೋಳು ನಾನು.”

ದೊಡ್ಡಮ್ಮ ನಗುತ್ತಲೇ ಹೇಳಿದರು. ಆದರೆ ಬುಟ್ಟಿಯ ಹಿಡಿಯನ್ನು ಅವರ ಬೆರಳು ಮತ್ತೆ ಮತ್ತೆ ಉಜ್ಜುತ್ತಿತ್ತು. ಅವರ ಬಸ್ಸು ಸಂಜೆ ಹೊರಡುತ್ತದೆ. ಮತ್ತೆ ಈ ಮಂಡಿ ಹೊತ್ತುಕೊಂಡು ಯಾವಾಗ ಬರುತ್ತಾರೋ.

ಲಂಪೂ ಎದ್ದು ನಿಂತಳು. ಕಿವಿ ಬಿಸಿಯಾಗಿತ್ತು.

“ವಿಹಾರ ತೆಗೆದಿದೆ ದೊಡ್ಡಮ್ಮ.”

“ಮತ್ತೆ ನೀರು ಬಂದಿದೆ ಅಂದ್ಯಲ್ಲ?”

“ಬಂದಿಲ್ಲ. ನಾನು ಸುಳ್ಳು ಹೇಳಿದೆ.” ಚಪ್ಪಲಿಯ ತುದಿಯಿಂದ ಮಣ್ಣು ಕೆರೆದಳು. “ನಂದೂ ಒಂದು ಹರಕೆ ಬಾಕಿ ಇದೆ. ಅಲ್ಲಿಗೆ ಹೋಗೋಕೆ ನಂಗೆ ಭಯ.”

ನರ್ಸುಗಳಲ್ಲಿ ಎತ್ತರದವರೊಬ್ಬರು, ಇದನ್ನು ಟೀಚರಿಗೆ ಹೇಳಬೇಕಾಗುತ್ತದೆ ಅಂದರು. ತಾನೇ ಹೇಳುತ್ತೇನೆ ಅಂದಳು ಲಂಪೂ. ಬುನ್‌ಮೀ ದೊಡ್ಡಮ್ಮ ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಬೈಯಲೂ ಇಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ.

“ಬುಟ್ಟಿ ಎತ್ಕೋ, ನಡಿ. ಬಿಸಿಲಿಗೆ ಮೊಟ್ಟೆ ಕೆಡುತ್ತೆ,” ಅಂದರು.

ವಿಹಾರದಲ್ಲಿ ಯಾವತ್ತಿನ ಹಾಗೆ ಜನ ಇದ್ದರು. ದೊಡ್ಡಮ್ಮ ಮೊಟ್ಟೆ ಇಟ್ಟು, ಊದುಕಡ್ಡಿ ಹಚ್ಚಿ, ಆಪರೇಶನ್ ಆದ ಕಾಲನ್ನು ಪಕ್ಕಕ್ಕೆ ಚಾಚಿ ಹೇಗೋ ಮಂಡಿಯೂರಿದರು. ಊದುಕಡ್ಡಿ ಉರಿದು ಮುಗಿದ ಮೇಲೆ ಲುವಾಂಗ್ ಪೋ ಹತ್ತಿರ ಕೇಳಿ ಮೊಟ್ಟೆಗಳನ್ನು ಪಡೆದು ಹಂಚಿ ತಿನ್ನಬಹುದು. ಗಾಲ್ಫ್ ಊದುಕಡ್ಡಿಯನ್ನೇ ನೋಡುತ್ತಾ ಕೂತ.

ಲಂಪೂ ಲುವಾಂಗ್ ಪೋ ಎದುರು ನಿಂತಳು. ಹಾಡೂ ಇಲ್ಲ, ತಾಳವೂ ಇಲ್ಲ. ಶಾಲೆಯ ಡ್ಯಾನ್ಸಿನ ಲೆಕ್ಕವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಬೆರಳು ಹಿಂದಕ್ಕೆ ಬಾಗಿಸಿ, ಒಂದು ಕಾಲು ಎತ್ತಿದಳು.

ಮೊದಲು ಕಣ್ಣು ಮುಚ್ಚಿಕೊಂಡೇ ಕುಣಿದಳು. ತಿರುಗುವಾಗ ತಲೆ ಸುತ್ತಿದಂತಾಗಿ ಕಣ್ಣು ತೆರೆದಳು.

ಯಾರೂ ನಗುತ್ತಿರಲಿಲ್ಲ. ಒಬ್ಬ ಹೆಂಗಸು ಮೂರ್ತಿಗೆ ಚಿನ್ನದ ರೇಕು ಅಂಟಿಸುವುದರಲ್ಲಿ ಮುಳುಗಿದ್ದಳು. ಒಬ್ಬ ಅಪ್ಪ ಅಳುವ ಮಗುವನ್ನು ಸಮಾಧಾನ ಮಾಡುತ್ತಿದ್ದ. ದೊಡ್ಡಮ್ಮ ಕೈ ಮುಗಿದು, ಪಕ್ಕದ ಮನೆಯವರ ಜೊತೆ ಮಾತಾಡಿದಂತೆ ಲುವಾಂಗ್ ಪೋ ಜೊತೆ ಏನೋ ಹೇಳಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರವರ ಮಾತು ಇತ್ತು.

ಕೊನೆಯ ಹೆಜ್ಜೆ ತಪ್ಪಿತು. ಅದು ಅವಳಿಗೂ ಲುವಾಂಗ್ ಪೋಗೂ ಮಾತ್ರ ಗೊತ್ತು. ಆದರೂ ಅದನ್ನು ಇನ್ನೊಂದು ಸಲ, ಸರಿಯಾಗಿ ಹಾಕಿದಳು. ಆಮೇಲೆ ನೆಲಕ್ಕೆ ಹಣೆ ಮುಟ್ಟಿಸಿದಳು.

ಹೊರಗೆ ಬಂದು ಎಲ್ಲರೂ ಮೊಟ್ಟೆ ತಿಂದರು. ಗಾಲ್ಫ್ ಎಷ್ಟು ತಿಂದ ಅಂತ ಯಾರೂ ಲೆಕ್ಕ ಇಡಲಿಲ್ಲ.

ದೋಣಿಯ ಕಟ್ಟೆಗೆ ಹೋಗುವ ಹಲಗೆಗಳ ಮೇಲೆ ನಡೆಯುವಾಗ ಲಂಪೂವಿನ ಚಪ್ಪಲಿಯ ಬಾರು ಪಟ್ ಅಂತ ಕಿತ್ತುಬಂತು.

ಗಾಲ್ಫ್ ನಿಂತುಬಿಟ್ಟ. “ಈಗ್ಯಾಕೆ? ಹರಕೆ ತೀರ್ಸಿದ್ಯಲ್ಲ?”

ಲಂಪೂ ಬಗ್ಗಿ ಚಪ್ಪಲಿ ಎತ್ತಿಕೊಂಡು ಅದರ ಅಡಿಯನ್ನು ತಿರುಗಿಸಿ ನೋಡಿದಳು. ಸವೆದು ಸವೆದು, ಅಲ್ಲಿ ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು.

“ಚಪ್ಪಲಿ ಹಳೇದು ಕಣೋ,” ಅಂದಳು.

ಇನ್ನೊಂದನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಹಲಗೆ ಕಾದಿತ್ತು. ಅವಳು ಬೇಗ ಬೇಗ ಹೆಜ್ಜೆ ಹಾಕುತ್ತಾ ಹೋಗಿ ದೊಡ್ಡಮ್ಮನ ಪಕ್ಕ ಸೇರಿಕೊಂಡು, ಎದುರು ದಡದಲ್ಲಿ ಕಂಬಗಳ ಮೇಲೆ ನಿಂತ ಮನೆಗಳನ್ನು ತೋರಿಸಿ, ಅವು ಯಾರ ಯಾರ ಮನೆ ಅಂತ ಹೇಳತೊಡಗಿದಳು.